12 ಡಿಗ್ರಿಗೆ ನಾವು ಯಾಕೆ ನಡುಗುತ್ತೇವೆ, ಮೈನಸ್ 15ರಲ್ಲಿ ಅವರು ಹೇಗಿರುತ್ತಾರೆ

ಜನವರಿ ಬಂತು ಅಂದರೆ ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳ ವಿಡಿಯೋ ಕಾಲ್‌ನಲ್ಲಿ ಒಂದೇ ಮಾತು ನಡೆಯುತ್ತದೆ. ಇಲ್ಲಿ ಅಮ್ಮ ಸ್ವೆಟರ್ ಮೇಲೆ ಶಾಲು ಹೊದ್ದು, ಕಿವಿ ಮುಚ್ಚುವ ಹಾಗೆ ಸ್ಕಾರ್ಫ್ ಕಟ್ಟಿಕೊಂಡು, "ಈ ಸಲ ಚಳಿ ಜಾಸ್ತಿ ಕಣೋ, ಬೆಳಗ್ಗೆ ಹನ್ನೆರಡು ಡಿಗ್ರಿ ಅಂತೆ" ಅನ್ನುತ್ತಾರೆ. ಆ ಕಡೆ ಕೆನಡಾದ ಟೊರಾಂಟೊದಲ್ಲೋ ಅಮೆರಿಕದ ಮಿನಿಯಾಪೊಲಿಸ್‌ನಲ್ಲೋ ಇರುವ ಮಗ ಅರ್ಧ ತೋಳಿನ ಟೀ ಶರ್ಟ್ ಹಾಕಿಕೊಂಡು ಕೂತಿರುತ್ತಾನೆ. "ಇಲ್ಲಿ ಮೈನಸ್ ಹದಿನೈದು ಅಮ್ಮ" ಎಂದು ಫೋನನ್ನು ಕಿಟಕಿ ಕಡೆ ತಿರುಗಿಸಿ ಹಿಮ ತೋರಿಸುತ್ತಾನೆ. ಅಷ್ಟೇ, ಅಮ್ಮನ ಚಳಿಗೆ ಬೆಲೆಯೇ ಇಲ್ಲದಂತಾಗುತ್ತದೆ.

ಇದು ನ್ಯಾಯವಲ್ಲ. ಇಬ್ಬರೂ ನಿಜ ಹೇಳುತ್ತಿದ್ದಾರೆ. ಥರ್ಮಾಮೀಟರ್ ತೋರಿಸುವುದು ಹೊರಗಿನ ಗಾಳಿ ಎಷ್ಟು ತಣ್ಣಗಿದೆ ಎಂದು ಮಾತ್ರ. ನಮ್ಮ ಮೈಗೆ ಎಷ್ಟು ಚಳಿಯಾಗುತ್ತದೆ ಎಂಬುದು ಮನೆ ಹೇಗಿದೆ, ಗಾಳಿ ಎಷ್ಟು ಬೀಸುತ್ತಿದೆ, ಮೈ ಒದ್ದೆ ಇದೆಯಾ, ಏನು ಹೊದ್ದಿದ್ದೇವೆ, ಊರು ಚಳಿಗೆ ಎಷ್ಟು ತಯಾರಾಗಿದೆ ಎಂಬ ಮೇಲೆ ನಿಂತಿದೆ. ಇದನ್ನು ಸರಿಯಾಗಿ ತಿಳಿದುಕೊಳ್ಳುವುದು ಬೇಕು, ಯಾಕೆಂದರೆ ನಮ್ಮ ಕಡೆಯಿಂದ ಬಾಣಂತನ ಮಾಡಲು ಹಿಮ ಬೀಳುವ ಊರಿಗೆ ಹೋಗುವ ಅಮ್ಮಂದಿರು ಬೇಕಾದಷ್ಟಿದ್ದಾರೆ. ಮಗು ಹುಟ್ಟುವುದು ಹವಾಮಾನ ನೋಡಿಕೊಂಡು ಅಲ್ಲವಲ್ಲ.

ಮೊದಲು ನಮ್ಮ ಚಳಿ ನೋಡೋಣ. ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ನಂದಿ ಬೆಟ್ಟದ ತುದಿ 1,478 ಮೀಟರ್. ಒಂದು ಕಿಲೋಮೀಟರ್ ಮೇಲೆ ಹೋದರೆ ಸರಾಸರಿ ಆರೂವರೆ ಡಿಗ್ರಿ ತಂಪಾಗುತ್ತದೆ. ಆ ಲೆಕ್ಕದಲ್ಲಿ ಬೆಟ್ಟದ ಮೇಲೆ ಊರಿಗಿಂತ ಮೂರ್ನಾಲ್ಕು ಡಿಗ್ರಿ ಕಡಿಮೆ ಇರಬೇಕು. ಆದರೆ ಮಾಗಿಯ ರಾತ್ರಿ ಗಾಳಿ ನಿಂತು, ಮೋಡ ಇಲ್ಲದಿದ್ದರೆ ಈ ಲೆಕ್ಕ ಎಷ್ಟೋ ಸಲ ತಲೆಕೆಳಗಾಗುತ್ತದೆ. ಹಗಲು ನೆಲ ಹೀರಿಕೊಂಡ ಬಿಸಿಯೆಲ್ಲ ರಾತ್ರಿ ಆಕಾಶಕ್ಕೆ ಹೋಗುತ್ತದೆ. ಮೋಡ ಇದ್ದಿದ್ದರೆ ಅದು ಸ್ವಲ್ಪ ಬಿಸಿಯನ್ನು ವಾಪಸ್ ಕಳಿಸುತ್ತಿತ್ತು. ಇಲ್ಲದಿದ್ದಾಗ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ತಣ್ಣನೆ ಗಾಳಿ ಭಾರವಾದ್ದರಿಂದ ಇಳಿಜಾರಿನಲ್ಲಿ ಜಾರಿ ತಗ್ಗಿಗೆ, ಕೆರೆ ಅಂಗಳಕ್ಕೆ, ಬೆಟ್ಟದ ಬುಡಕ್ಕೆ ಬಂದು ಕೂರುತ್ತದೆ. ಅದರಲ್ಲಿದ್ದ ನೀರಿನಂಶ ಸಣ್ಣ ಹನಿಗಳಾಗಿ ಮಂಜು ಕಟ್ಟುತ್ತದೆ. ಬೆಳಗ್ಗೆ ಆರೂವರೆಗೆ ನಂದಿ ತುದಿಯಲ್ಲಿ ನಿಂತವರಿಗೆ ಕೆಳಗೆ ಬರೀ ಬಿಳಿ ಕಾಣುವುದು, ಬುಡದ ಹಳ್ಳಿಯವರು ಲೈಟ್ ಹಾಕಿಕೊಂಡು ಬೈಕ್ ಓಡಿಸುವುದು, ದೇವನಹಳ್ಳಿ ಏರ್‌ಪೋರ್ಟಿನಲ್ಲಿ ವಿಮಾನ ತಡವಾಗುವುದು ಎಲ್ಲದಕ್ಕೂ ಹೆಚ್ಚಾಗಿ ಇದೇ ಕಾರಣ.

ಇಷ್ಟಾದರೂ ನಮ್ಮಲ್ಲಿ ಹಿಮ ಯಾಕೆ ಬೀಳುವುದಿಲ್ಲ? ಪಕ್ಕದ ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಸೊನ್ನೆಯ ಹತ್ತಿರಕ್ಕೂ ಬಂದಿಲ್ಲ. ನಮ್ಮ ತಲೆಯ ಮೇಲೆ ಗಾಳಿ ಸೊನ್ನೆ ಡಿಗ್ರಿಗೆ ಇಳಿಯಬೇಕಾದರೆ ಸುಮಾರು ನಾಲ್ಕೂವರೆ ಐದು ಕಿಲೋಮೀಟರ್ ಮೇಲೆ ಹೋಗಬೇಕು. ನಂದಿ ಅದರ ಮೂರನೇ ಒಂದು ಭಾಗ. ನಮ್ಮ ದೊಡ್ಡ ಮಳೆಮೋಡಗಳ ಮೇಲ್ಭಾಗದಲ್ಲೂ ಹಿಮದ ಹರಳು ಇರುತ್ತವೆ, ಬೀಳುವಾಗ ದಾರಿಯಲ್ಲೇ ಕರಗಿ ಮಳೆಯಾಗುತ್ತವೆ. ಕರಗದೆ ನೆಲ ಮುಟ್ಟುವುದು ಆಲಿಕಲ್ಲು ಮಾತ್ರ. ಅದು ಬರುವುದೂ ಚಳಿಗಾಲದಲ್ಲಿ ಅಪರೂಪ. ಏಪ್ರಿಲ್-ಮೇ ಬಿಸಿಲಿನಲ್ಲಿ ಎದ್ದ ಗುಡುಗು ಮಳೆಯಲ್ಲಿ ಬಂದು ದ್ರಾಕ್ಷಿ, ಮಾವು, ಟೊಮೆಟೊ ಹಾಳುಮಾಡಿ ಹೋಗುತ್ತದೆ.

ಇನ್ನು ಮನೆ ವಿಷಯ. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಮ್ಮ ಮನೆ ಕಟ್ಟಿರುವುದು ಏಪ್ರಿಲ್ ತಿಂಗಳಿಗೆ. ಬಿಸಿ ಹೊರಗೆ ಹೋಗಲಿ ಎಂದೇ ಮೇಲೆ ವೆಂಟಿಲೇಟರ್, ಅಡ್ಡಡ್ಡ ಕಿಟಕಿ, ಕಾಲಿಗೆ ತಂಪಾಗಲಿ ಎಂದು ರೆಡ್ ಆಕ್ಸೈಡ್ ಅಥವಾ ಗ್ರಾನೈಟ್ ನೆಲ. ಚಳಿಗಾಲದಲ್ಲಿ ಇವೆಲ್ಲ ನಮಗೆ ತಿರುಗಿ ಬೀಳುತ್ತವೆ. ಬೆಳಗಿನ ಜಾವ ಮನೆ ಒಳಗೂ ಥಂಡಿ, ಹೊರಗೂ ಥಂಡಿ. ಮಲಗುವ ಕೋಣೆ, ಬಚ್ಚಲು, ಅಡುಗೆಮನೆ, ಬಸ್ಸು, ಆಫೀಸು, ಎಲ್ಲೂ ಬಿಸಿ ಮಾಡುವ ವ್ಯವಸ್ಥೆ ಇಲ್ಲ. ಅಂದರೆ ಸಂಜೆ ಏಳರಿಂದ ಬೆಳಗ್ಗೆ ಎಂಟರ ತನಕ ಮೈ ಒಂದೇ ಸಮ ಚಳಿಯಲ್ಲಿ ಇರುತ್ತದೆ. ಟೊರಾಂಟೊದಲ್ಲಿ ಚಳಿಗಾಲದ ತಿಂಗಳುಗಳಲ್ಲಿ ಬಾಡಿಗೆ ಮನೆಯೊಳಗೆ ಕನಿಷ್ಠ 21 ಡಿಗ್ರಿ ಬಿಸಿ ಇರುವಂತೆ ಮಾಲೀಕರು ನೋಡಿಕೊಳ್ಳಬೇಕು ಎಂಬ ನಗರದ ನಿಯಮವೇ ಇದೆ. ಗೋಡೆಯೊಳಗೆ ಬಿಸಿ ತಡೆಯುವ ಪದರ, ಕಿಟಕಿಗೆ ಎರಡು ಗಾಜು, ನಡುವೆ ಗಾಳಿ. ಮಗ ಮೈನಸ್ 15ರಲ್ಲಿ ಇರುವುದು ಮನೆಯಿಂದ ಕಾರಿಗೆ, ಬಸ್ ಸ್ಟಾಪಿಗೆ ಹೋಗುವಷ್ಟು ಹೊತ್ತು. ಅಲ್ಲಿನ ನಗರದ ಮಧ್ಯಭಾಗದಲ್ಲಿ ಆಫೀಸು, ಅಂಗಡಿ, ರೈಲು ನಿಲ್ದಾಣ ಸೇರಿಸುವ ಸುಮಾರು 30 ಕಿಲೋಮೀಟರ್ ನೆಲದಡಿಯ ದಾರಿ ಇದೆ. ಮಿನಿಯಾಪೊಲಿಸ್‌ನಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆ ಹಾಕುವ ಕೆಲಸ 1962ರಲ್ಲೇ ಶುರುವಾಯಿತು. ನಿತ್ಯ ಚಳಿಯಲ್ಲಿ ಬದುಕುವವರು ಯಾರು ಎಂದು ಕೇಳಿದರೆ, ನಾನು ಅಮ್ಮನ ಕಡೆಗೇ ಕೈ ತೋರಿಸುತ್ತೇನೆ.

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಹುಳು ಮೇಯಿಸುವವರನ್ನು ಕೇಳಿದರೆ ಈ 12 ಡಿಗ್ರಿಯ ಅರ್ಥ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ, 27-28 ಡಿಗ್ರಿ ಬೇಕು, ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ, ದೊಡ್ಡ ಹುಳುವಿಗೆ 23-25. ರಾತ್ರಿ ಹೊರಗೆ 12 ಇದ್ದರೆ ಹುಳು ಮನೆಯನ್ನು ಹತ್ತು ಡಿಗ್ರಿಗೂ ಹೆಚ್ಚು ಏರಿಸಿ ಬೆಳಗಿನ ತನಕ ಹಿಡಿದಿಡಬೇಕು. ಇಲ್ಲದಿದ್ದರೆ ಹುಳು ಸೊಪ್ಪು ತಿನ್ನುವುದು ಕಡಿಮೆಯಾಗುತ್ತದೆ, ಹಣ್ಣಾಗಿ ಗೂಡು ಕಟ್ಟಲು ತಯಾರಾಗುವುದು ತಡವಾಗುತ್ತದೆ, ತಡವಾದಷ್ಟು ದಿನ ಸೊಪ್ಪಿನ ಖರ್ಚು ಏರುತ್ತದೆ. ಇಬ್ಬನಿ ಆರದ ಸೊಪ್ಪು ಹಾಕಿ ಹಾಸಿಗೆ ಒದ್ದೆಯಾದರೆ ಸುಣ್ಣಕಟ್ಟು ರೋಗ. ಹಾಗಾಗಿ ರಾತ್ರಿ ಎರಡು ಗಂಟೆಗೆ ಎದ್ದು, ತಲೆಗೆ ಟವಲ್ ಸುತ್ತಿಕೊಂಡು, ತಟ್ಟೆ ಸ್ಟ್ಯಾಂಡಿಗೆ ನೇತುಹಾಕಿದ ಥರ್ಮಾಮೀಟರನ್ನು ಟಾರ್ಚ್ ಹಿಡಿದು ನೋಡುವುದು ಈ ಕಡೆ ಚಳಿಗಾಲದ ಮಾಮೂಲಿ ಕೆಲಸ. ಶ್ರೀನಿವಾಸಪುರದ ಮಾವಿನವರ ಸ್ಥಿತಿ ಬೇರೆ. ಅವರಿಗೆ ಹೂ ಬಿಡಲು ಒಂದಷ್ಟು ಚಳಿ ಬೇಕೇ ಬೇಕು, ಆದರೆ ಹೂ ಬಿಟ್ಟ ಮೇಲೆ ಮಂಜು ಕವಿದರೆ ಬೂದಿ ರೋಗ. ಅವರೆಕಾಯಿಯವರಿಗೆ ಮಾತ್ರ ಇಬ್ಬನಿ ಬಿದ್ದಷ್ಟೂ ಖುಷಿ, ಸೊಗಡು ಬರುವುದೇ ಅದರಿಂದ ಎನ್ನುತ್ತಾರೆ.

ಚಳಿ ಎಂದರೆ ನಿಜವಾಗಿ ಮೈಯಿಂದ ಬಿಸಿ ಹೊರಗೆ ಹೋಗುವ ವೇಗ. ನಮ್ಮ ಚರ್ಮದ ಮೇಲೆ ಬೆಚ್ಚನೆ ಗಾಳಿಯ ತೆಳು ಪದರ ಒಂದು ಸದಾ ಇರುತ್ತದೆ. ಗಾಳಿ ಬೀಸಿದರೆ ಆ ಪದರ ಹಾರಿಹೋಗುತ್ತದೆ, ಮೈ ಮತ್ತೆ ಹೊಸದಾಗಿ ಬಿಸಿ ಮಾಡಬೇಕು. ಇದನ್ನು ಅಳೆದು ನೋಡಿದವರು ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್. 1940ರ ದಶಕದಲ್ಲಿ ಅಂಟಾರ್ಕ್ಟಿಕಾದಲ್ಲಿ ಪ್ಲಾಸ್ಟಿಕ್ ಪಾತ್ರೆಯಲ್ಲಿ ನೀರು ತುಂಬಿ, ಬೇರೆ ಬೇರೆ ಗಾಳಿಯಲ್ಲಿ ಅದು ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ನೋಡಿದರು. ಆ ಲೆಕ್ಕವನ್ನು ತಿದ್ದಿ ಅಮೆರಿಕ ಮತ್ತು ಕೆನಡಾ 2001ರಲ್ಲಿ ಹೊಸ ಸೂತ್ರ ತಂದವು. ಅಲ್ಲಿನ ಹವಾಮಾನ ವರದಿಯಲ್ಲಿ ಬರುವ 'ವಿಂಡ್ ಚಿಲ್' ಅಂದರೆ ಇದೇ. ಮೈನಸ್ 15 ಇದ್ದು ಗಂಟೆಗೆ 30 ಕಿಲೋಮೀಟರ್ ಗಾಳಿ ಇದ್ದರೆ ಮುಖಕ್ಕೆ ಅದು ಮೈನಸ್ 26 ಇದ್ದ ಹಾಗೆ. ಮೈನಸ್ 28 ದಾಟಿದರೆ ತೆರೆದ ಚರ್ಮ ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಮೊದಲು ಹೋಗುವುದು ಮೂಗಿನ ತುದಿ, ಕಿವಿ, ಕೆನ್ನೆ, ಬೆರಳು. ಸೂತ್ರ ನಮಗೂ ಹೊಂದುತ್ತದೆ. ಬೆಳಗ್ಗೆ ನಾಲ್ಕಕ್ಕೆ ಸೇವಂತಿಗೆ ಮೂಟೆ ಕಟ್ಟಿಕೊಂಡು ಮಾರ್ಕೆಟ್‌ಗೆ ಬೈಕಿನಲ್ಲಿ ಹೋಗುವ ರೈತನಿಗೆ, ಹವೆ 10 ಡಿಗ್ರಿ ಇದ್ದು ವೇಗ 50 ಇದ್ದರೆ, ಅದು 5 ಡಿಗ್ರಿ ಚಳಿ. ಮಂಜಿನಲ್ಲಿ ಅಂಗಿ ಒದ್ದೆಯಾದರೆ ಇನ್ನೂ ಜಾಸ್ತಿ, ಯಾಕೆಂದರೆ ನೀರು ಗಾಳಿಗಿಂತ ಎಷ್ಟೋ ಪಟ್ಟು ಬೇಗ ಬಿಸಿಯನ್ನು ಎಳೆದುಕೊಳ್ಳುತ್ತದೆ.

ಅದಕ್ಕೇ ಹಿಮದ ಊರಿನವರು ಒಳಗೆ ಹತ್ತಿ ಬಟ್ಟೆ ಬೇಡ ಎನ್ನುತ್ತಾರೆ. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗಿ ಮೈಗೆ ಅಂಟುತ್ತದೆ. ಉಣ್ಣೆ ಒದ್ದೆಯಾದರೂ ಒಂದಷ್ಟು ಬಿಸಿ ಹಿಡಿದಿಡುತ್ತದೆ. ಶಿರಾ, ಪಾವಗಡ ಕಡೆಯ ಕುರಿಗಾಹಿಗಳು ಮಳೆ, ಇಬ್ಬನಿ, ಚಳಿ ಮೂರಕ್ಕೂ ಒಂದೇ ಕರಿ ಕಂಬಳಿ ಹೊದ್ದು ಹೊಲದಲ್ಲಿ ರಾತ್ರಿ ಕಳೆಯುವುದು ಇದೇ ಗುಣದ ಮೇಲೆ. ಒಂದೇ ದಪ್ಪ ಬಟ್ಟೆಗಿಂತ ಮೂರು ತೆಳು ಬಟ್ಟೆ ಮೇಲು, ಬಿಸಿ ಹಿಡಿಯುವುದು ನಡುವೆ ಸಿಕ್ಕಿದ ಗಾಳಿ. ಬೆರಳು ಬಿಡಿಬಿಡಿ ಇರುವ ಗ್ಲೌಸ್‌ಗಿಂತ ನಾಲ್ಕೂ ಬೆರಳು ಒಟ್ಟಿಗೆ ಇರುವ ಕೈಗವಸು (ಮಿಟನ್) ಬೆಚ್ಚಗಿರುತ್ತದೆ. ನಮ್ಮ ಮಂಕಿ ಕ್ಯಾಪ್ ಅಲ್ಲಿಗೂ ಚೆನ್ನಾಗಿ ಆಗುತ್ತದೆ, ನಾಚಿಕೆ ಪಡಬೇಡಿ.

ಈಗ ಹಿಮದ ಕಷ್ಟ. ನೋಡಲು ಹತ್ತಿಯಂತಿದ್ದರೂ ತೂಕ ವಿಪರೀತ. ನಮಗೆ ಗೊತ್ತಿರುವ 30×40 ಸೈಟಿನ ಮೇಲೆ ಒಂದು ರಾತ್ರಿಯಲ್ಲಿ 20 ಸೆಂಟಿಮೀಟರ್ ಹಿಮ ಬಿದ್ದಿದೆ ಅಂದುಕೊಳ್ಳಿ. ಹೊಸ ಹಿಮ ಒಂದು ಘನ ಮೀಟರ್‌ಗೆ 100 ಕೆಜಿ ಎಂದು ಹಿಡಿದರೂ ಎರಡು ಟನ್ ದಾಟುತ್ತದೆ. ಒದ್ದೆ ಹಿಮವಾದರೆ ಇದರ ಎರಡು ಮೂರು ಪಟ್ಟು. ಅದನ್ನು ಬೆಳಗ್ಗೆ ಆಫೀಸಿಗೆ ಹೋಗುವ ಮೊದಲು ಸಲಿಕೆಯಲ್ಲಿ ಎತ್ತಿ ಹಾಕಬೇಕು. ಅನೇಕ ಊರುಗಳಲ್ಲಿ ಮನೆ ಮುಂದಿನ ಕಾಲುದಾರಿಯನ್ನೂ ಮನೆಯವರೇ ಬಿಡಿಸಬೇಕು, ಇಲ್ಲದಿದ್ದರೆ ದಂಡ. ಚಳಿಗೆ ರಕ್ತನಾಳ ಕುಗ್ಗಿ ಬಿಪಿ ಏರಿರುತ್ತದೆ, ಅದರ ಮೇಲೆ ಉಸಿರು ಬಿಗಿಹಿಡಿದು ಭಾರ ಎತ್ತುವುದು. ಪ್ರತಿ ಚಳಿಗಾಲ ಹಿಮ ಎತ್ತುವಾಗಲೇ ಹೃದಯಾಘಾತ ಆಗುವವರಿದ್ದಾರೆ. ಇಲ್ಲಿಂದ ಹೋದ ಅಪ್ಪಂದಿರು "ಸುಮ್ನೆ ಕೂತು ಬೇಜಾರು, ನಾನೇ ತೆಗೀತೀನಿ ಬಿಡು" ಎಂದು ಸಲಿಕೆ ಹಿಡಿಯುತ್ತಾರಲ್ಲ, ದಯವಿಟ್ಟು ಬೇಡ. ಹೊಲದಲ್ಲಿ ಗೆಯ್ದ ಮೈ ಆದರೂ ಬೇಡ.

ಅಲ್ಲಿನ ಜನ ಚಳಿಯನ್ನು ಬೈಯುವುದಕ್ಕಿಂತ ಜಾಸ್ತಿ ಬೈಯುವುದು ಹಿಮ ತಳ್ಳುವ ಲಾರಿಯನ್ನು. ಇವರು ಒಂದು ಗಂಟೆ ಕಷ್ಟಪಟ್ಟು ಗೇಟಿನ ಮುಂದೆ ಬಿಡಿಸಿರುತ್ತಾರೆ, ಲಾರಿ ಬಂದು ರಸ್ತೆಯ ಹಿಮವನ್ನೆಲ್ಲ ಅದೇ ಜಾಗಕ್ಕೆ ತಳ್ಳಿ ಹೋಗುತ್ತದೆ. ಅದೂ ಗಟ್ಟಿಯಾದ, ಉಪ್ಪು ಬೆರೆತ, ಕೊಳೆ ಹಿಮ. ಇನ್ನೊಂದು ಜಗಳ ಕಾರು ನಿಲ್ಲಿಸುವ ಜಾಗದ್ದು. ಬಾಸ್ಟನ್, ಷಿಕಾಗೊ, ಪಿಟ್ಸ್‌ಬರ್ಗ್‌ನಲ್ಲಿ ರಸ್ತೆ ಬದಿ ಹಿಮ ಎತ್ತಿ ಜಾಗ ಮಾಡಿಕೊಂಡವರು ಕಾರು ತೆಗೆಯುವಾಗ ಅಲ್ಲಿ ಒಂದು ಹಳೆ ಕುರ್ಚಿ ಇಟ್ಟು ಹೋಗುತ್ತಾರೆ. ನಮ್ಮಲ್ಲಿ ಬಸ್ ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿಗೆ ಟವಲ್ ಎಸೆದ ಹಾಗೆ. ಕುರ್ಚಿ ಎತ್ತಿ ಪಕ್ಕಕ್ಕಿಟ್ಟು ಕಾರು ನಿಲ್ಲಿಸಿದರೆ ದೊಡ್ಡ ರಂಪವೇ ಆಗುತ್ತದೆ. ಬಾಸ್ಟನ್‌ನ ಬಹುಪಾಲು ಕಡೆ ಹಿಮದ ತುರ್ತುಸ್ಥಿತಿ ಮುಗಿದ ಮೇಲೆ 48 ಗಂಟೆ ತನಕ ಈ ಕುರ್ಚಿಗೆ ನಗರಾಡಳಿತವೇ ಅವಕಾಶ ಕೊಟ್ಟಿದೆ.

ರಸ್ತೆಗೆ ಉಪ್ಪು ಹಾಕುವುದು ಯಾಕೆ ಎಂದು ಹೋದವರೆಲ್ಲ ಕೇಳುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗೆ ಹೋಗಬೇಕು. ಆದರೆ ಸಾದಾ ಉಪ್ಪು ಚೆನ್ನಾಗಿ ಕೆಲಸ ಮಾಡುವುದು ಮೈನಸ್ 9ರ ಆಸುಪಾಸಿನ ತನಕ. ಅದಕ್ಕಿಂತ ಚಳಿಯಾದರೆ ಬೇರೆ ರಾಸಾಯನಿಕ ಅಥವಾ ಸುಮ್ಮನೆ ಮರಳು ಹಾಕುತ್ತಾರೆ, ಜಾರದಿರಲಿ ಎಂದು. ಉಪ್ಪಿನಿಂದ ಕಾರಿನ ಅಡಿ ತುಕ್ಕು, ಬೂಟಿನ ಮೇಲೆ ಬಿಳಿ ಗೆರೆ, ನಾಯಿಗಳ ಪಾದ ಉರಿ. ಬಿದ್ದಿರುವ ಹಿಮಕ್ಕಿಂತ ಹೆದರಬೇಕಾದ್ದು ಕರಗಿ ಮತ್ತೆ ಹೆಪ್ಪಾದ ತೆಳು ಪದರಕ್ಕೆ. ಅದು ಗಾಜಿನಷ್ಟು ತಿಳಿ, ಕೆಳಗಿನ ಕಪ್ಪು ಡಾಂಬರೇ ಕಾಣುತ್ತದೆ, ರಸ್ತೆ ಒದ್ದೆ ಇದೆ ಅಷ್ಟೇ ಅನ್ನಿಸುತ್ತದೆ. ಸೊಂಟ, ಮಣಿಕಟ್ಟು ಮುರಿದುಕೊಳ್ಳುವುದು ಅಲ್ಲೇ. ಹೆಜ್ಜೆ ಚಿಕ್ಕದಾಗಿ, ಪಾದ ಪೂರ್ತಿ ಊರಿ, ಕೈ ಜೇಬಿನಿಂದ ಹೊರಗಿಟ್ಟು ನಡೆಯಬೇಕು. ಚಪ್ಪಲಿ, ಸೀರೆ ಎರಡೂ ಹೊರಗೆ ಬೇಡ.

ಮನೆ ಬೆಚ್ಚಗಿದ್ದರೂ ಅದರದ್ದೇ ಒಂದು ತೊಂದರೆ ಇದೆ, ಒಣಗು. ಮೈನಸ್ 15ರ ಗಾಳಿ ಒಂದು ಘನ ಮೀಟರ್‌ನಲ್ಲಿ ಹೆಚ್ಚೆಂದರೆ ಒಂದೂವರೆ ಗ್ರಾಂ ನೀರಿನಂಶ ಹಿಡಿಯುತ್ತದೆ. 21 ಡಿಗ್ರಿಯ ಗಾಳಿ 18 ಗ್ರಾಂ ಹಿಡಿಯಬಲ್ಲದು. ಹೊರಗಿನ ಗಾಳಿಯನ್ನು ಒಳಗೆ ತಂದು ಬರೀ ಬಿಸಿ ಮಾಡಿದರೆ ತೇವಾಂಶ ನೂರಕ್ಕೆ ಹತ್ತಕ್ಕಿಂತ ಕೆಳಗೆ ಬರುತ್ತದೆ. ಅಡುಗೆ, ಸ್ನಾನ, ನಮ್ಮ ಉಸಿರು ಸೇರಿ ಸ್ವಲ್ಪ ಏರುತ್ತದೆ, ಆದರೂ ತುಟಿ ಒಡೆಯುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚಟ್ ಎಂದು ಕರೆಂಟ್ ಹೊಡೆಯುತ್ತದೆ. ನೀರಾವಿ ಬಿಡುವ ಮೆಷಿನ್ ಇಡುತ್ತಾರೆ. ಕೊಬ್ಬರಿ ಎಣ್ಣೆ ಜಾಸ್ತಿ ಒಯ್ಯಿರಿ.

ಕತ್ತಲೆಯ ವಿಷಯವನ್ನು ಯಾರೂ ಮೊದಲೇ ಹೇಳುವುದಿಲ್ಲ. ಡಿಸೆಂಬರ್‌ನಲ್ಲಿ ನಮ್ಮಲ್ಲಿ ಹಗಲು ಹನ್ನೊಂದು ಗಂಟೆಗೂ ಜಾಸ್ತಿ. ಟೊರಾಂಟೊದಲ್ಲಿ ಒಂಬತ್ತು ಗಂಟೆಗೂ ಕಡಿಮೆ, ನಾಲ್ಕು ಮುಕ್ಕಾಲಿಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಸ್ಟಾಕ್‌ಹೋಮ್‌ನಲ್ಲಿ ಮೂರು ಗಂಟೆಗೂ ಮೊದಲು. ಇದರಿಂದ ಮನಸ್ಸು ಕುಗ್ಗುವುದನ್ನು ನಾರ್ಮನ್ ರೋಸೆಂಥಾಲ್ ಮತ್ತು ಜೊತೆಗಾರರು 1984ರಲ್ಲಿ ಕಾಯಿಲೆಯಾಗಿ ಗುರುತಿಸಿ ಹೆಸರಿಟ್ಟರು. ಮಗಳು ಫೆಬ್ರವರಿಯಲ್ಲಿ ಸರಿಯಾಗಿ ಮಾತಾಡುತ್ತಿಲ್ಲ, ಯಾವಾಗಲೂ ನಿದ್ದೆ ಎನ್ನುತ್ತಾಳೆ ಎಂದರೆ ಅದನ್ನು ಸೋಮಾರಿತನ ಅನ್ನಬೇಡಿ. ನಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ. ಅಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುವುದುಂಟು.

ಒಂದು ಮಾತನ್ನು ಒತ್ತಿ ಹೇಳಬೇಕು. ಬಾಣಂತಿ ಕೋಣೆಯಲ್ಲಿ ಕೆಂಡ ಇಟ್ಟು ಸಾಂಬ್ರಾಣಿ ಹೊಗೆ ಹಾಕುವುದು ನಮ್ಮ ರೂಢಿ. ಅಲ್ಲಿ ಹಾಗೆ ಮಾಡಿದರೆ ಮೊದಲು ಸೂರಿನ ಅಲಾರಂ ಕೂಗುತ್ತದೆ. ಆದರೆ ಕೂಗುವ ಅಲಾರಂಗಿಂತ ದೊಡ್ಡ ಅಪಾಯ ವಾಸನೆ ಇಲ್ಲದ ಕಾರ್ಬನ್ ಮಾನಾಕ್ಸೈಡ್. ಇದ್ದಿಲು ಪೂರ್ತಿ ಉರಿಯದಿದ್ದಾಗ ಅದು ಹುಟ್ಟುತ್ತದೆ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಆಮೇಲೆ ನಿದ್ದೆ. ಎಷ್ಟೋ ಜನ ಏಳುವುದೇ ಇಲ್ಲ. ಹಿಮದ ಊರಿನಲ್ಲಿ ಕಾರಿನ ಸೈಲೆನ್ಸರ್ ಹಿಮದಲ್ಲಿ ಮುಚ್ಚಿದ್ದಾಗ ಇಂಜಿನ್ ಆನ್ ಮಾಡಿ ಒಳಗೆ ಕೂತವರು ಸಾಯುವುದು ಇದೇ ಅನಿಲದಿಂದ. ನಮ್ಮ ಊರಿನಲ್ಲಿ ಚಳಿ ಎಂದು ಕಿಟಕಿ ಬಾಗಿಲು ಮುಚ್ಚಿ ಬಾಣಲೆಯಲ್ಲಿ ಕೆಂಡ ಇಟ್ಟು ಮಲಗುವುದೂ ಅಷ್ಟೇ ಅಪಾಯ. ಹುಳು ಮನೆಯಲ್ಲಿ ಇದ್ದಿಲು ಒಲೆ ಹಚ್ಚಿದವರು ಅದೇ ಕೋಣೆಯಲ್ಲಿ ಮಲಗಬಾರದು. ಗಾಳಿ ಆಡಲು ಒಂದು ಕಿಂಡಿ ಬಿಡಲೇಬೇಕು.

ಮಗುವಿನ ಬಗ್ಗೆಯೂ ಅಜ್ಜಿಯರಿಗೆ ಆಶ್ಚರ್ಯ ಆಗುವ ಸಂಗತಿ ಇದೆ. ಫಿನ್‌ಲ್ಯಾಂಡ್, ಸ್ವೀಡನ್, ನಾರ್ವೆಯಲ್ಲಿ ಚೆನ್ನಾಗಿ ಸುತ್ತಿದ ಮಗುವನ್ನು ತಳ್ಳುಗಾಡಿಯಲ್ಲಿ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಹೊರಗೆ ಮಲಗಿಸುವ ರೂಢಿ ಇದೆ. ಅವರಿಗೆ ಅದು ತಲೆಮಾರುಗಳಿಂದ ಗೊತ್ತಿರುವ ಕೆಲಸ, ಎಷ್ಟು ಹೊದಿಸಬೇಕು ಎಂಬ ಲೆಕ್ಕ ಕೈಯಲ್ಲಿದೆ. ನೋಡಿ ಬೈಯುವುದೂ ಬೇಡ, ಅನುಭವ ಇಲ್ಲದೆ ಮಾಡಲು ಹೋಗುವುದೂ ಬೇಡ.

ಕೆಲವು ವಾರ ಕಳೆದರೆ ಮೈ ಕೂಡ ಸ್ವಲ್ಪ ಹೊಂದಿಕೊಳ್ಳುತ್ತದೆ, ನಡುಕ ಕಡಿಮೆಯಾಗುತ್ತದೆ. ವಯಸ್ಸಾದವರಲ್ಲಿ ಈ ಹೊಂದಾಣಿಕೆ ಕಡಿಮೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬೆರಳು ಹೆಪ್ಪುಗಟ್ಟುತ್ತಿರುವುದೂ ಗೊತ್ತಾಗದೆ ಇರಬಹುದು, ಹಾಗಾಗಿ ಹೊರಗಿಂದ ಬಂದ ಕೂಡಲೇ ಸಾಕ್ಸ್ ತೆಗೆದು ಪಾದ ನೋಡಬೇಕು. ಬಿಳಿಚಿಕೊಂಡಿದ್ದರೆ ಬಿಸಿನೀರು ಸುರಿಯಬಾರದು, ಉಜ್ಜಬಾರದು, ಉಗುರು ಬೆಚ್ಚಗಿನ ನೀರಲ್ಲಿಟ್ಟು ಡಾಕ್ಟರಿಗೆ ತೋರಿಸಬೇಕು. ದಪ್ಪ ಜಾಕೆಟ್, ಬೂಟು ಇಲ್ಲಿ ಕೊಳ್ಳಬೇಡಿ, ಇಲ್ಲಿ ಸಿಗುವುದು ಬೆಟ್ಟದ ಚಳಿಗೆ ಸಾಕಾಗುವಂಥದ್ದು. ಮಗನಿಗೆ ಅಳತೆ ಕಳಿಸಿ, ಏರ್‌ಪೋರ್ಟಿಗೇ ತಂದು ಕೊಡಲಿ. ಬಿಪಿ, ಶುಗರ್, ಹೃದಯದ ಮಾತ್ರೆ ತೆಗೆದುಕೊಳ್ಳುವವರು ಟಿಕೆಟ್ ಮಾಡಿಸುವ ಮೊದಲೇ "ಮೈನಸ್ 15 ಇರುವ ಊರಿಗೆ ಹೋಗ್ತಾ ಇದ್ದೀನಿ" ಎಂದು ನಿಮ್ಮ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಿಸಬೇಕಾ ಎಂದು ಕೇಳಿ.